ಬೆನ್ನುಚೀಲದಲ್ಲಿ ರಾಯಚೂರಿನ ಬಿಸಿಲು

ರಾಯಚೂರಿನ ಬಿಸಿಲನ್ನು ಬೈಯದೆ ಬೆಳೆದವರು ಈ ಊರಿನಲ್ಲಿ ಯಾರೂ ಇಲ್ಲ. ನಾನೂ ಬೈದಿದ್ದೇನೆ, ನಮ್ಮವ್ವನೂ ಬೈದಿದ್ದಾಳೆ. ಆ ಬಿಸಿಲನ್ನೇ ಗಂಟು ಕಟ್ಟಿ ಇಟ್ಟುಕೊಂಡು, ಬೇಕಾದ ಕಡೆ ಒಯ್ದು ಬಿಚ್ಚುವಂತಿದ್ದರೆ ಹೇಗೆ ಎಂದು ಕೇಳಿದವಳು ನನ್ನ ಸೊಸೆ ನಾಗವೇಣಿ. ಧಾರವಾಡದ ಕಡೆಯವಳು, ರಸಾಯನಶಾಸ್ತ್ರ ಓದಿದವಳು. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಬಟ್ಟೆ ಒಣಹಾಕುವ ತಂತಿ ಮುಟ್ಟಿ ಕೈ ಸುಟ್ಟುಕೊಂಡು ಬಂದಾಗ ಹಾಗೆ ಕೇಳಿದ್ದಳು. ಬೇರೆಯವರಾಗಿದ್ದರೆ ಎಣ್ಣೆ ಹಚ್ಚಿಕೊಂಡು ಸುಮ್ಮನಾಗುತ್ತಿದ್ದರು. ಇವಳು ಸುಮ್ಮನಾಗುವ ಪೈಕಿಯಲ್ಲ.

ಆಕೆ ತಾನು ಕೆಲಸ ಮಾಡುವ ಊರಿನ ಲ್ಯಾಬಿನಲ್ಲಿ ಕೂತು ಬಿಸಿಲುಬಿಲ್ಲೆ ಮಾಡಿದಳು. ಬಿಲ್ಲೆ ಎಂದರೆ ಸಾಬೂನಿನಷ್ಟು ದೊಡ್ಡ ಒಂದು ಬಿಳಿ ತುಂಡು. ಬಿಸಿಲಿಗೆ ಇಟ್ಟರೆ ಅದರೊಳಗಿನ ಹರಳು ಮೈ ಬಾಗಿಸಿಕೊಂಡು ಹಾಗೆಯೇ ಕೂತುಬಿಡುತ್ತದೆ. ಮುಟ್ಟಿದರೆ ತಣ್ಣಗಿರುತ್ತದೆ, ತಿಂಗಳುಗಟ್ಟಲೆ ಇಟ್ಟರೂ ಕುಡಿದದ್ದು ಸೋರುವುದಿಲ್ಲ. ಅಂಚಿನ ತಗಡನ್ನು ಹೆಬ್ಬೆರಳಿನಿಂದ ಒತ್ತಿದರೆ ಹರಳು ಚಟ್ಟನೆ ಮೊದಲಿನ ಆಕಾರಕ್ಕೆ ಮರಳಿ, ಕುಡಿದಿದ್ದ ಬಿಸಿಲನ್ನೆಲ್ಲ ಕಾವಾಗಿ ಬಿಡುತ್ತ ಹೋಗುತ್ತದೆ. ಒಮ್ಮೆ ಒತ್ತಿದ ಮೇಲೆ ನಿಲ್ಲಿಸಲು ಬರುವುದಿಲ್ಲ. ಬಿಲ್ಲೆ ತುಂಬಿದೆಯೆಂದು ತಿಳಿಯಲು ಬಣ್ಣ ನೋಡಬೇಕು, ತುಂಬಿದ್ದು ಅರಿಸಿನದ ಬಣ್ಣಕ್ಕೆ ತಿರುಗಿರುತ್ತದೆ.

ಲ್ಯಾಬಿನ ಮಾಳಿಗೆ ಎಷ್ಟಕ್ಕೆ ಸಾಲಬೇಕು? ನಮ್ಮ ಓಣಿಯ ಮನೆಮನೆಗೆ ಬಿಲ್ಲೆ ಹಂಚಿದರು. ಮಾಳಿಗೆ ಇದ್ದವರೆಲ್ಲ ಬಿಸಿಲು ತುಂಬುವವರಾದರು. ಸಂಡಿಗೆ, ಹಪ್ಪಳದ ಜೊತೆಗೆ ಬಿಲ್ಲೆಗಳೂ ಸಾಲಾಗಿ ಕೂತವು. ನಮ್ಮ ಮನೆಯಲ್ಲಿ ಸಂಡಿಗೆ ಇಡುವುದು ನಿಂತು ಯಾವ ಕಾಲವಾಯಿತೋ, ಅಂಗಡಿಯಿಂದಲೇ ತರುತ್ತೇವೆ. ಆದ್ದರಿಂದ ನಮ್ಮ ಮಾಳಿಗೆಯಲ್ಲಿ ಬಿಲ್ಲೆಗಳು ಮಾತ್ರ ಬಿದ್ದಿದ್ದವು, ಕಾಗೆಗಳು ಅವುಗಳ ಮೇಲೆ ಮನಸ್ಸಿಗೆ ಬಂದ ಹಾಗೆ ಹೇಲಿ ಹೋಗುತ್ತಿದ್ದವು. ಸಂಜೆ ನಾನು ಒಂದೊಂದನ್ನೇ ತೊಳೆದು ಒಳಗಿಡುತ್ತಿದ್ದೆ. ಪಕ್ಕದ ಮನೆಯ ಹಂಪಮ್ಮ ತನ್ನ ಮಾಳಿಗೆಯಿಂದ ಅದನ್ನು ನೋಡಿ ನಗುತ್ತಿದ್ದಳು.

ಇನ್ನು ಬೆನ್ನುಚೀಲದ ಮಾತು. ನಾನು ಇಂದುಮತಿ, ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದವಳು. ಎನ್‌ಸಿಸಿ ಹುಡುಗಿಯರನ್ನು ಕಟ್ಟಿಕೊಂಡು ಎಷ್ಟೋ ಸಲ ಹಿಮಾಲಯಕ್ಕೆ ಹೋಗಿ ಬಂದಿದ್ದೇನೆ. ಆದ್ದರಿಂದ ಬಿಲ್ಲೆಯ ದೊಡ್ಡ ಪರೀಕ್ಷೆಗೆ ನಾಲ್ಕು ಜನ ಹಿಮಾಲಯದ ಸ್ಪಿತಿ ಕಣಿವೆಯ ಮೇಲಿನ ಹಿಮಕ್ಕೆ ಹೊರಟಾಗ ಚೀಲ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ನಾಗವೇಣಿ ತಂಡದ ಮುಖ್ಯಸ್ಥೆ. ಹಂಪಮ್ಮನ ಮಗಳು ರೇಣುಕಾ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ. ಇನ್ನಿಬ್ಬರು ಜಾಫರ್ ಮತ್ತು ವಿರೂಪಾಕ್ಷಿ, ಇಬ್ಬರೂ ಗಟ್ಟಿ ಆಳುಗಳು.

ಚೀಲ ತುಂಬುವುದೆಂದರೆ ತುರುಕುವುದಲ್ಲ. ಡೇರೆ ಹಾಕಿದ ಮೇಲಷ್ಟೇ ಬೇಕಾಗುವುದು ತಳಕ್ಕೆ ಹೋಗಬೇಕು. ಭಾರವಾದದ್ದು ಬೆನ್ನಿಗೆ ಒತ್ತಿ ನಡುವಿನಲ್ಲಿರಬೇಕು, ಇಲ್ಲದಿದ್ದರೆ ಏರಿನಲ್ಲಿ ಚೀಲ ಹಿಂದಕ್ಕೆ ಎಳೆಯುತ್ತದೆ. ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಬೇಕು. ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ತಲೆಕೆಳಗಾಗಿದ್ದರೆ ಮುಚ್ಚಳದ ಬಾಯಿ ತೆರೆದಿರುತ್ತದೆ. ಮಲಗುವಾಗ ಹಾಕಿಕೊಳ್ಳುವ ಒಣ ಕಾಲುಚೀಲವನ್ನು ಬೇರೆಯಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಕು, ಜೀವ ಹೋದರೂ ಹಗಲು ಹಾಕಬಾರದು. ಮತ್ತೆ, ಹತ್ತಿಯ ಬಟ್ಟೆ ಒಂದೂ ಇರಕೂಡದು. ಬೆವರು ಕುಡಿದ ಹತ್ತಿ ಒಣಗುವುದಿಲ್ಲ, ಚಳಿಯಲ್ಲಿ ಮೈಗೆ ಅಂಟಿಕೊಂಡು ಮನುಷ್ಯನನ್ನೇ ತಣ್ಣಗೆ ಮಾಡಿಬಿಡುತ್ತದೆ.

ರೇಣುಕಾಳ ಚೀಲದಿಂದ ನಾನು ಮೂರು ಹತ್ತಿ ಅಂಗಿ ತೆಗೆದು ಹೊರಗಿಟ್ಟೆ. ಹಂಪಮ್ಮನ ಮುಖ ಸಣ್ಣದಾಯಿತು.

"ಹತ್ತಿ ಬೆಳಿಯೋ ಊರಾಗ ಕೂತು ಹತ್ತಿ ಬ್ಯಾಡಂತೀರಲ್ರಿ ಟೀಚರಮ್ಮ."

"ಊರು ಇಲ್ಲೇ ಇರ್ತೈತಿ ಹಂಪಮ್ಮ, ನಿನ್ನ ಮಗಳು ಹಿಮದಾಗ ಹೊಂಟಾಳ."

"ಆಕಿ ಮೊದಲ ಕಡ್ಡಿ ಆಗ್ಯಾಳ. ಒಂದು ಗಾಳಿ ಬೀಸಿದ್ರ ಹಾರಿ ಹೋಗ್ತಾಳ. ಬೆಚ್ಚಗಿಟ್ಟು ಕರ್ಕೊಂಡ್ ಬರ್ರಿ ಅಂತ ನಾಗವೇಣಿಗಿ ಹೇಳ್ರಿ."

ನಾಗವೇಣಿ ಅಲ್ಲೇ ಕೂತಿದ್ದಳು. "ಕರ್ಕೊಂಡ್ ಬರ್ತೀನಿ ಅತ್ತಿ, ಚಿಂತಿ ಮಾಡಬ್ಯಾಡ್ರಿ," ಎಂದಳು. ಓಣಿಯ ಹಿರಿಯ ಹೆಂಗಸರೆಲ್ಲ ಆಕೆಗೆ ಅತ್ತೆಯರೇ.

ಜಗಳವಾದದ್ದು ಮಲಗುವ ಚೀಲದ ವಿಷಯಕ್ಕೆ. ದಪ್ಪ ರಜಾಯಿಯಂಥ ಮಲಗುವ ಚೀಲವನ್ನು ನಾನು ನಾಲ್ಕೂ ಬೆನ್ನುಚೀಲಗಳ ತಳಕ್ಕೆ ಇಟ್ಟಿದ್ದೆ. ನಾಗವೇಣಿ ನಾಲ್ಕನ್ನೂ ಎಳೆದು ಹೊರಗೆ ಹಾಕಿದಳು.

"ಇರಲಿ ಬಿಡವ್ವ, ತಳದಾಗ ಸುಮ್ನ ಬಿದ್ದಿರ್ತೈತಿ."

"ಸುಮ್ನ ಬಿದ್ದಿರಂಗಿಲ್ರಿ ಅದು. ಚಳಿ ಹತ್ತಿದ ಕೂಡ್ಲೆ ಅದರಾಗ ಹೊಕ್ಕೊಂತೀವಿ. ಆಮ್ಯಾಲೆ ಬಿಲ್ಲಿ ಕೆಲಸ ಮಾಡ್ತೋ ಇಲ್ಲೋ ಅಂತ ಯಾರಿಗಿ ಗೊತ್ತಾಗಬೇಕು? ಹಿಮದಾಗ ರಸ್ತೆ ಕಡಿಯೋ ಕೂಲಿಯವರಿಗೆ, ಕುರಿ ಕಾಯೋರಿಗೆ ಇಂಥ ಚೀಲ ಯಾರು ಕೊಡ್ತಾರ? ಅವರಿಗೆ ಬೇಕಂತ ಮಾಡಿದ್ದಿದು. ಅವರಂಗೇ ಹೋಗಿ ಮಲಗಬೇಕು. ಕೆಳಗ ಬೇಸ್ ಕ್ಯಾಂಪಿನಾಗ ಎಲ್ಲಾ ಸಾಮಾನು ಇರ್ತಾವು, ಬೇಕಾದ್ರ ಇಳಿದು ಬರ್ತೀವಿ."

ವಾದದಲ್ಲಿ ಆಕೆಯನ್ನು ಗೆಲ್ಲುವುದು ನನ್ನಿಂದಾಗುವುದಿಲ್ಲ. ನನ್ನ ಮಗ ಅಮರೇಶನೂ ಗೆದ್ದಿಲ್ಲ. ಮಲಗುವ ಚೀಲಗಳು ಕಪಾಟಿಗೆ ಹೋದವು. ಅವುಗಳ ಜಾಗಕ್ಕೆ ತೆಳುವಾದ ಒಂದು ಹೊದಿಕೆ ಬಂತು, ಬಿಲ್ಲೆ ಇಡಲು ಮೈತುಂಬ ಕಿಸೆಗಳಿರುವ ಒಂದು ಅಂಗಿ ಬಂತು.

ಬಿಲ್ಲೆಗಳು ಮನೆಗೊಂದು ಬಣ್ಣದ ದಾರದಲ್ಲಿ ಗಂಟಾಗಿ ಬಂದಿದ್ದವು. ನಮ್ಮದು ಹಸಿರು, ಹಂಪಮ್ಮನದು ಕೆಂಪು, ಉಳಿದವು ಆಚೆ ಮನೆಗಳವು. ಎಲ್ಲವೂ ಅರಿಸಿನದ ಬಣ್ಣಕ್ಕೆ ತಿರುಗಿದ್ದವು. ಲ್ಯಾಬಿನವರು ಬಣ್ಣ ನೋಡಿದ್ದರು, ಒಂದೆರಡನ್ನು ಒತ್ತಿ ಬಿಸಿ ಬಂತೆಂದು ಒಪ್ಪಿದ್ದರು. ಬಿಸಿ ಎಷ್ಟು ಹೊತ್ತು ನಿಲ್ಲುತ್ತದೆಂದು ಕಾದು ನೋಡಿದ್ದು ಲ್ಯಾಬಿನ ಸ್ವಂತ ಮಾಳಿಗೆಯ ಬಿಲ್ಲೆಗಳನ್ನು ಮಾತ್ರ.

"ಗಂಟು ಬಿಚ್ಚಿ, ಎಲ್ಲಾ ಕಲಸಿ, ಚೀಟಿ ಎತ್ತಿ ಹಂಚ್ರಿ," ಎಂದು ಹೇಳಿ ನಾಗವೇಣಿ ಸ್ನಾನಕ್ಕೆ ಹೋದಳು. ಯಾರ ಮನೆಯದು ಯಾರಿಗೆ ಎಂದು ತಿಳಿಯಬಾರದಂತೆ, ಪರೀಕ್ಷೆಯ ನಿಯಮ ಅದು. ಆಕೆ ಬಚ್ಚಲಿನ ಬಾಗಿಲು ಹಾಕಿಕೊಂಡದ್ದೇ ತಡ, ನಾನು ಹಸಿರು ದಾರದ ಗಂಟನ್ನು ಹಾಗೆಯೇ ಆಕೆಯ ಚೀಲಕ್ಕೆ ಇಳಿಸಿದೆ. ಉಳಿದವನ್ನು ಉಳಿದ ಮೂವರಿಗೆ ಹಂಚಿದೆ. ಯಾಕೆಂದು ಕೇಳಿದರೆ ಹೇಳಲು ಕಾರಣವಿಲ್ಲ. ನಮ್ಮ ಮನೆಯದು ನಮ್ಮವರಿಗೆ, ಅಷ್ಟೇ. ಊರಿಗೆ ಹೊರಟ ಸೊಸೆಯ ಚೀಲಕ್ಕೆ ಅತ್ತೆ ಏನೂ ಕದ್ದು ಇಡದ ಮನೆ ಯಾವುದಾದರೂ ಇದ್ದರೆ ತೋರಿಸಿ.

ಅವರು ಹೋದರು. ಮೇ ತಿಂಗಳ ಮೊದಲ ವಾರ, ನಮ್ಮಲ್ಲಿ ಬೆಂಕಿ ಸುರಿಯುತ್ತಿತ್ತು. ಅವರು ಹಿಮದ ಮೇಲೆ ನಾಲ್ಕು ಸಣ್ಣ ಡೇರೆ ಹಾಕಿ, ಒಬ್ಬೊಬ್ಬರು ಒಂದೊಂದರಲ್ಲಿ ಮಲಗಬೇಕಾದ ದಿನ ಬಂತು. ಅವತ್ತು ಇಳಿಹೊತ್ತಿಗೆ, ಎಲ್ಲರೂ ಸುರಕ್ಷಿತವಾಗಿ ಮೇಲೆ ಮುಟ್ಟಿದ್ದಾರೆಂದು ಹೇಳಲು ನಾನು ಹಂಪಮ್ಮನ ಮಾಳಿಗೆ ಹತ್ತಿದೆ. ಆಕೆ ಸಂಡಿಗೆಯ ಮೇಲೆ ಹೊಚ್ಚಿದ್ದ ಹಳೆಯ ವಾಯಿಲ್ ಸೀರೆ ಮಡಚುತ್ತಿದ್ದಳು.

"ಇದನ್ನ ಹೊಚ್ಚಿದ್ರ ಒಣಗತಾವೇನು?" ಎಂದೆ, ಮಾತಿಗೆ ಮಾತು.

"ಒಣಗದೇನ್ರಿ. ಕಾವು ಹಂಗೇ ಇಳೀತೈತಿ. ಕಾಗಿ, ಧೂಳು ಅಷ್ಟ ತಡೀತೈತಿ. ನಮ್ಮ ರೇಣೂನ ಬಿಲ್ಲಿಗೂ ಇದನ್ನ ಹೊಚ್ಚಿದ್ದೆ. ಓಣ್ಯಾಗ ಎಲ್ಲರಿಗೂ ಹೇಳಿಕೊಟ್ಟೆ. ನೀವೊಬ್ರೇ ಕಾಗಿ ಹೇಲು ತೊಳಕೊಂತ ಕೂತೋರು."

ನಾನು ತಟ್ಟನೆ ಮೆಟ್ಟಿಲಿನ ಕಡೆ ತಿರುಗಿದೆ. ಬಿಲ್ಲೆ ಕುಡಿಯುವುದು ಕಾವನ್ನಲ್ಲ ಎಂದು ನಾಗವೇಣಿ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದಳು. ಅದು ಕುಡಿಯುವುದು ಬಿಸಿಲಿನೊಳಗಿನ ನೇರಳಾತೀತ ಕಿರಣವನ್ನು, ನಮ್ಮ ಮುಖ ಕಪ್ಪಾಗಿಸುವ ಕಿರಣವನ್ನು. ಸೆರಗಿನ ಮುಸುಕು ಹಾಕಿಕೊಂಡರೆ ಸೆಕೆ ತಪ್ಪುವುದಿಲ್ಲ, ಆದರೆ ಮುಖ ಅಷ್ಟು ಕಪ್ಪಾಗುವುದಿಲ್ಲ. ಬಿಲ್ಲೆಗಳಿಗೂ ಅದೇ ಆಗಿತ್ತು. ಸೀರೆ ದಾಟಿ ಬಂದ ಅಷ್ಟಿಷ್ಟು ಕಿರಣಕ್ಕೆ ಮೇಲ್ಪದರ ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಒಳಗೆ ಖಾಲಿ. ಹೊಚ್ಚಬೇಡಿ ಎಂದು ಯಾರೂ ಹೇಳಿರಲಿಲ್ಲ. ಸಂಡಿಗೆ ಇಟ್ಟು ಗೊತ್ತಿಲ್ಲದ ನಾಗವೇಣಿಗೆ, ಹೆಂಗಸರು ಹೊಚ್ಚುತ್ತಾರೆಂದು ಹೊಳೆಯುವುದಾದರೂ ಹೇಗೆ?

ಇಷ್ಟನ್ನು ನಾನು ಹಂಪಮ್ಮನಿಗೆ ಮೆಟ್ಟಿಲು ಇಳಿಯುತ್ತಲೇ ಹೇಳಿದೆ. ಆಕೆ ಚಪ್ಪಲಿ ಮೆಟ್ಟಲಿಲ್ಲ, ನನ್ನ ಸ್ಕೂಟಿಯ ಹಿಂದೆ ಕೂತುಬಿಟ್ಟಳು.

ಲ್ಯಾಬಿನ ಕಂಟ್ರೋಲ್ ಕೋಣೆಯಲ್ಲಿ ಮೆಹಬೂಬ್ ಸರ್ ಒಬ್ಬರೇ ಇದ್ದರು. ನಾಗವೇಣಿಗಿಂತ ಹಿರಿಯರು, ಸಾವಧಾನದ ಮನುಷ್ಯ. ಪರದೆಯ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ನಾಲ್ಕು ಸಾಲು. ಪ್ರತಿಯೊಂದರಲ್ಲೂ ಬಿಲ್ಲೆ ಅಂಗಿಯ ಕಾವು ಮತ್ತು ಮೈಯ ಶಾಖ ಉಪಗ್ರಹದ ಮೂಲಕ ಬರುತ್ತಿತ್ತು.

"ಈಗಷ್ಟ ಒತ್ಯಾರ. ನಾಲ್ಕೂ ಚಲೋ ಅದಾವ ನೋಡ್ರಿ," ಎಂದರು.

ನಾನು ಸೀರೆಯ ಸಂಗತಿ ಹೇಳಿದೆ. ಅವರು ಕುರ್ಚಿಯಿಂದ ಎದ್ದುಬಿಟ್ಟರು. ಮೇಲೆ ಗಾಳಿ ಎದ್ದಿತ್ತು, ಕತ್ತಲಾಗುತ್ತಿತ್ತು, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿ ಇತ್ತು. ಬೇಸ್ ಕ್ಯಾಂಪಿಗೆ ಇಳಿಯುವ ದಾರಿಯಲ್ಲಿ ಹಿಮ ಹಾರುತ್ತಿದ್ದುದರಿಂದ ಬೆಳಗಾಗುವವರೆಗೆ ಯಾರೂ ಹತ್ತುವಂತಿರಲಿಲ್ಲ, ಇಳಿಯುವಂತಿರಲಿಲ್ಲ.

"ಅರ್ಧ ತುಂಬಿದ್ದು ಇನ್ನೊಂದೆರಡು ತಾಸಿಗೆ ಆರ್ತಾವ," ಎಂದರು ಮೆಹಬೂಬ್ ಸರ್. "ನಾಲ್ಕೂ ಮಂದಿದು."

"ನಾಲ್ಕಲ್ಲ, ಮೂರು," ಎಂದೆ.

ಹೇಳಿದ ಮೇಲೆ ಪೂರ್ತಿ ಹೇಳಲೇಬೇಕಾಯಿತು. ಹಸಿರು ದಾರ, ಚೀಟಿ, ಎಲ್ಲ. ಅವರು ನನ್ನನ್ನು ಬೈಯಲಿಲ್ಲ, ಬೈಯುವಷ್ಟು ಹೊತ್ತು ಅವರಿಗಿರಲಿಲ್ಲ.

ಬಾಯಿ ಬಿಡುವ ಮುನ್ನ ಒಂದು ಕ್ಷಣ ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಸುಮ್ಮನಿದ್ದರೆ ನಾಗವೇಣಿ ಬೆಳಗಿನವರೆಗೆ ಬೆಚ್ಚಗೆ ಮಲಗುತ್ತಾಳೆ. ತನ್ನದು ಮಾತ್ರ ತುಂಬಿದ ಬಿಲ್ಲೆಯೆಂದು ತಿಳಿದರೆ ಆಕೆ ಏನು ಮಾಡುತ್ತಾಳೆಂದು ನನಗೆ ಗೊತ್ತಿತ್ತು. ಆದರೆ ಹಂಪಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು, ಅಂಗೈಯಲ್ಲಿ ಸಂಡಿಗೆಯ ಹಿಟ್ಟು ಒಣಗಿ ಅಂಟಿಕೊಂಡಿತ್ತು. ಸುಮ್ಮನಿರಲು ನನ್ನಿಂದ ಆಗಲಿಲ್ಲ.

"ಒಬ್ಬರ ಬಿಲ್ಲಿ ನಾಲ್ಕು ಮಂದಿಗೆ ಸಾಲ್ತಾವೇನ್ರಿ?" ಎಂದು ಕೇಳಿದೆ.

"ಲೆಕ್ಕದ ಪ್ರಕಾರ ಸಾಲಂಗಿಲ್ಲ. ಮೈಗೆ ಮೈ ಹತ್ತಿ ಮಲಗಿದ್ರ ಹೇಳಾಕ ಬರಂಗಿಲ್ಲ."

ಸಂದೇಶದಲ್ಲಿ ಏನು ಬರೆಯಬೇಕೆಂಬುದನ್ನು ನಾನು ಹೇಳುತ್ತ ಹೋದೆ, ಅವರು ಟೈಪು ಮಾಡುತ್ತ ಹೋದರು. ಆ ಚೀಲಗಳಲ್ಲಿ ಯಾವುದು ಎಲ್ಲಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನಾಗವೇಣಿಯ ಬಿಲ್ಲೆ ಮಾತ್ರ ಪೂರ್ತಿ, ಎಲ್ಲರೂ ಆಕೆಯ ಡೇರೆಗೆ ಹೋಗಿ. ಉಳಿದ ಡೇರೆಗಳ ಬಟ್ಟೆಯನ್ನು ಅದರ ಮೇಲೆ ಹೊಚ್ಚಿ ಬಿಗಿಯಿರಿ. ನಾಲ್ಕೂ ಬೆನ್ನುಚೀಲ ಖಾಲಿ ಮಾಡಿ, ಎರಡು ನೆಲಕ್ಕೆ ಹಾಸಿ, ಎರಡರಲ್ಲಿ ಕಾಲು ತೂರಿಸಿ. ಒಣ ಕಾಲುಚೀಲ ಹಾಕಿಕೊಳ್ಳಿ. ಬಾಟಲಿಗೆ ಬಿಸಿನೀರು ತುಂಬಿ ತೊಡೆಸಂದಿಯಲ್ಲಿಡಿ. ಮೇಲಿನ ಕಿಸೆಯಲ್ಲಿ ಶೇಂಗಾ ಉಂಡೆ, ತುಪ್ಪ ಇವೆ, ಹಸಿವೆ ಇಲ್ಲದಿದ್ದರೂ ತಿನ್ನಿ.

ಉತ್ತರ ಬಂತು. "ಸರಿ. ಒಂದೇ ಡೇರೆಗೆ ಬರುತ್ತೇವೆ. ರೇಣುಕಾಗೆ ವಾಂತಿ."

"ಮ್ಯಾಲೆ ಅವರ ಹತ್ರ ಇರೋ ಸ್ಯಾಟಲೈಟ್ ಫೋನಿನ ಬ್ಯಾಟರಿ ಇಳಿದೈತಿ," ಎಂದರು ಮೆಹಬೂಬ್ ಸರ್. "ಇನ್ನೊಂದು ಸಂದೇಶ ಹೋದ್ರ ದೊಡ್ಡ ಮಾತು. ಅಂಗಿಯೊಳಗಿನ ಯಂತ್ರ ಬ್ಯಾರೆ, ಅದು ನಡೀತಿರ್ತೈತಿ."

ನಾವು ಪರದೆ ನೋಡುತ್ತ ಕೂತೆವು. ಸ್ವಲ್ಪ ಹೊತ್ತಿಗೆ ಒಂದನೆಯ ಸಾಲಿನಲ್ಲಿ ಅಂಗಿಯ ಕಾವು ಇಳಿಯಿತು, ಮೂರನೆಯದರಲ್ಲಿ ಏರಿತು. ಒಂದನೆಯದು ಮತ್ತೆ ಇಳಿಯಿತು, ಎರಡನೆಯದರಲ್ಲಿ, ಆಮೇಲೆ ನಾಲ್ಕನೆಯದರಲ್ಲಿ ಏರಿತು. ನಾಗವೇಣಿ ತನ್ನ ಕಿಸೆಗಳಿಂದ ಬಿಲ್ಲೆ ತೆಗೆದು ಅವರ ಕಿಸೆಗಳಿಗೆ ಹಾಕುತ್ತಿದ್ದಾಳೆಂದು ವಿವರಿಸಿ ಹೇಳುವ ಅಗತ್ಯವಿರಲಿಲ್ಲ.

"ನಮ್ಮ ರೇಣೂದು ಯಾವ್ದ್ರಿ?" ಎಂದಳು ಹಂಪಮ್ಮ.

"ಮೂರನೇದು. ಎಲ್ಲಕ್ಕಿಂತ ಬೆಚ್ಚಗೈತಿ ನೋಡು," ಎಂದೆ.

"ನಾಗವೇಣಿದು?"

"ಒಂದನೇದು."

ಒಂದನೆಯ ಸಾಲಿನಲ್ಲಿ ಮೈಯ ಶಾಖವೂ ಇಳಿಯತೊಡಗಿತ್ತು. ಮೂವತ್ತಾರು ದಾಟಿ ಕೆಳಗೆ, ಮೂವತ್ತೈದರ ಹತ್ತಿರ. ಉಳಿದ ಮೂರು ಗಟ್ಟಿಯಾಗಿ ನಿಂತಿದ್ದವು. ಗಾಳಿ ಹೊಡೆಯುವ ಬಾಗಿಲ ಅಂಚಿಗೆ ಮಲಗಿರಬೇಕು ಎಂದರು ಮೆಹಬೂಬ್ ಸರ್. ಆಕೆ ನನ್ನ ಸೊಸೆ, ಆದರೆ ಹನ್ನೊಂದು ವರ್ಷ ಒಂದೇ ಒಲೆಯ ಮುಂದೆ ಜಗಳವಾಡಿದ ಮೇಲೆ ಸೊಸೆ, ಮಗಳು ಎಂಬ ಫರಕು ಯಾರಿಗೆ ನೆನಪಿರುತ್ತದೆ?

"ಆ ಇನ್ನೊಂದು ಸಂದೇಶ ಕಳಿಸ್ರಿ," ಎಂದೆ. "ನಾಗವೇಣಿ ಈಗಲೇ ನಡುವೆ ಬಾ. ಅಂಚಿಗೆ ತಾಸಿಗೊಬ್ಬರು ಮಲಗಿ. ನಾಲ್ವರೂ ಸರದಿ ಹಿಡಿಯಿರಿ. ಇಷ್ಟ ಬರೀರಿ."

ಅವರು ಕಳಿಸಿದರು. ಹಂಪಮ್ಮ ಮೂಲೆಯ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಕೈ ಮುಗಿದು ತುಟಿ ಅಲುಗಿಸುತ್ತಿದ್ದಳು. ಪಾಪ, ನಾಲ್ವರ ಸಲುವಾಗಿ ದೇವರ ಮೊರೆ ಹೋಗಿದ್ದಾಳೆಂದುಕೊಂಡು ನಾನು ಎದ್ದು ಹೋಗಿ ಆಕೆಯ ಬೆನ್ನ ಮೇಲೆ ಕೈಯಿಟ್ಟೆ.

ಉತ್ತರ ಬರಲಿಲ್ಲ. ಒಂದನೆಯ ಸಾಲು ಮೇಲೇರಲಿಲ್ಲ. ಮುಟ್ಟಿಲ್ಲ ಎಂದುಕೊಂಡೆವು.

ಬೆಳಿಗ್ಗೆ ಗಾಳಿ ನಿಂತಿತು. ಬೇಸ್ ಕ್ಯಾಂಪಿನವರು ಹತ್ತಿ ಹೋಗಿ ನಾಲ್ವರನ್ನೂ ಜೀವಂತವಾಗಿ ಇಳಿಸಿದರು. ಮೂವರು ನಡೆದು ಬಂದರು. ನಾಗವೇಣಿಯನ್ನು ಹೊತ್ತು ತಂದರು, ಆಸ್ಪತ್ರೆಯಲ್ಲಿ ಆಕೆಯ ಎಡಗಾಲಿನ ಎರಡು ಬೆರಳು ತೆಗೆಯಬೇಕಾಯಿತು. ಪರೀಕ್ಷೆ ಕೆಟ್ಟಿತೆಂದು ಲ್ಯಾಬಿನ ವಿಚಾರಣಾ ಸಮಿತಿಯವರು ಬರೆದರು. ಹೊಚ್ಚಬಾರದೆಂದು ಹೇಳದೆ ಇದ್ದದ್ದು ತನ್ನ ತಪ್ಪೆಂದು ನಾಗವೇಣಿ ಬರೆದಳು. ಚೀಟಿ ಎತ್ತದ ಸಂಗತಿಗೆ ಊರಿಗೆ ಬಂದ ದಿನವೇ ನನಗೆ ಚೆನ್ನಾಗಿ ಬೈದಳು. ನಾನೂ ತಿರುಗಿ ಬೈದೆ.

ಒಂದು ವಾರದ ಮೇಲೆ ಮಧ್ಯಾಹ್ನ ಹಂಪಮ್ಮ ಬಂದಳು. ಅಷ್ಟು ದಿನ ಈ ಕಡೆ ತಲೆ ಹಾಕಿರಲಿಲ್ಲ. ಪಡಸಾಲೆಯಲ್ಲಿ ಕೂತು ನೀರು ಕುಡಿದಳು, ಚೊಂಬು ಕೆಳಗಿಡಲಿಲ್ಲ.

"ಟೀಚರಮ್ಮ, ಅವತ್ತು ನಾಗವೇಣಿ ನಡುವ ಬಾ ಅಂತ ಕಳಿಸಿದ್ರಲ್ಲ."

"ಹೂಂ."

"ಅದು ಮುಟ್ಟಬಾರದು ಅಂತ ಎಲ್ಲಮ್ಮಗ ಬೇಡಿಕೊಂಡೆ. ಮುಟ್ಟಿದ್ರ ನಮ್ಮ ರೇಣೂನ ಅಂಚಿಗಿ ಹಾಕ್ತಾರ ಅಂತ. ವಾಂತಿ ಮಾಡ್ಕೊಂಡ ಹುಡುಗಿ ಉಳೀತಾಳೇನ್ರಿ ಅಲ್ಲಿ. ಹಂಗಂತ ಕೈ ಮುಗುದು ಕೂತಿದ್ದೆ. ನೀವು ನೋಡಿದ್ರ ಬೆನ್ನ ಮ್ಯಾಲ ಕೈಯಿಟ್ರಿ. ದೇವಿ ನನ್ನ ಮಾತು ಕೇಳಿದ್ಲು. ಈ ಹುಡುಗಿ ಕಾಲಿಗಿ ನಾನ ಕೊಳ್ಳಿ ಇಟ್ಟೆ."

ನನಗೆ ಸಿಟ್ಟು ಬಂತು, ಬರದೆ ಇರುತ್ತದೆಯೇ? ಒಳಗೆ ನಾಗವೇಣಿ ಗೋಡೆ ಹಿಡಿದು ಹೆಜ್ಜೆ ಹಾಕುವುದನ್ನು ರೂಢಿ ಮಾಡಿಕೊಳ್ಳುತ್ತಿದ್ದಳು, ಕಾಲು ಎಳೆಯುವ ಸದ್ದು ಪಡಸಾಲೆಗೂ ಕೇಳುತ್ತಿತ್ತು. ಆದರೆ ಹಸಿರು ಗಂಟನ್ನು ಆರಿಸಿ ಇಟ್ಟ ನಾನು ಈ ಹೆಂಗಸಿಗೆ ಯಾವ ಬಾಯಿಂದ ಬೈಯಲಿ? ಅಲ್ಲದೆ, ಆಕೆಗೆ ಗೊತ್ತಿಲ್ಲದ ಒಂದು ಸಂಗತಿ ನನಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ, ಗಾಯಕ್ಕೆ ಪಟ್ಟಿ ಕಟ್ಟುವಾಗ ನಾಗವೇಣಿ ಹೇಳಿದ್ದಳು.

"ದೇವಿ ನಿನ್ನ ಮಾತು ಕೇಳಲಿಲ್ಲ ಹಂಪಮ್ಮ. ಆ ಸಂದೇಶ ಮುಟ್ಟಿತ್ತು."

ಆಕೆ ಮುಖ ಎತ್ತಿದಳು.

"ಮುಟ್ಟಿತ್ತಾ? ಮತ್ತ?"

"ನಾಗವೇಣಿ ಓದಿದ್ಲು. ಉಳಿದೋರಿಗೆ ಹೇಳಲಿಲ್ಲ. ಫೋನು ಬಂದ್ ಮಾಡಿ ಕಿಸೆದಾಗ ಇಟ್ಕೊಂಡು ಅಲ್ಲೇ ಮಲಗಿದ್ಲು."

ಹಂಪಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಸದ್ದು ಕೇಳಿ ಒಳಗಿನ ಹೆಜ್ಜೆ ನಿಂತಿತು.

"ಅತ್ತಿ, ಯಾರ್ ಬಂದಾರ್ರಿ?"

"ಹಂಪಮ್ಮ ಬಂದಾಳವ್ವ," ಎಂದೆ. "ನಿನ್ನ ನೋಡಾಕ."